ಟ್ರ್ಯಾಕ್ ಕೂರಬೇಕಾದರೆ ಗಾಲಿಯಿಂದ ಶುರು ಮಾಡಿ

(ಪ್ಲಾಸ್ಟಿಕ್ ಮಾಡೆಲ್ ಟ್ಯಾಂಕ್ ಕಟ್ಟುವ ಬಗ್ಗೆ ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮೇಜಿನ ಮೇಲೆ ಕೈಯಲ್ಲಿ ತೋರಿಸುತ್ತಾ ಹೇಳಿದ್ದನ್ನು ಓದುವವರಿಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ಟ್ಯಾಂಕ್ ಇವೆ. ರಷ್ಯಾದ ಟಿ-34 ಒಂದು, ರಷ್ಯಾದ್ದೇ ಟಿ-55 ಒಂದು, ಇನ್ನೊಂದು ಬ್ರಿಟನ್ನಿನ ಸೆಂಚುರಿಯನ್. ಮೂರೂ 1/35 ಅಳತೆಯವು. ನಿಜವಾದ ಟ್ಯಾಂಕಿನ 35 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಟ್ಯಾಂಕ್ ಕಿಟ್‌ಗಳಲ್ಲಿ ಈ ಅಳತೆಯೇ ಜಾಸ್ತಿ ಸಿಗುವುದು. ಇದನ್ನು ಯಾರೋ ದೊಡ್ಡ ಲೆಕ್ಕ ಹಾಕಿ ಆರಿಸಿದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಅಳೆದು ನೋಡಿದರೆ ಅದು 1/35 ಆಗಿತ್ತು. ಅದೇ ಅಳತೆ ಆಮೇಲೆ ಬೇರೆ ಕಂಪನಿಗಳಿಗೂ ಗಟ್ಟಿಯಾಯಿತು.

ಹೊಸಬರ ದೂರು ಸಾಮಾನ್ಯವಾಗಿ ಒಂದೇ. ‘ಸರ್, ಮೇಲಿನದೆಲ್ಲ ಚೆನ್ನಾಗಿ ಬಂತ್ರೀ, ಚೈನು ಮಾತ್ರ ಕೂರವಲ್ದು.’ ಚೈನು ಅಂದರೆ ಟ್ರ್ಯಾಕ್, ಟ್ಯಾಂಕಿನ ಗಾಲಿಗಳನ್ನು ಸುತ್ತಿ ಬರುವ ಲಿಂಕುಗಳ ಪಟ್ಟಿ. ಇವತ್ತು ಈ ದೂರಿನ ಬಗ್ಗೆಯೇ ಮಾತಾಡೋಣ. ಬಣ್ಣದ ವಿಷಯ ಜಾಸ್ತಿ ಎತ್ತುವುದಿಲ್ಲ, ಅದಕ್ಕೆ ಬೇರೆ ದಿನವೇ ಬೇಕು.

ಕಿಟ್ ಜೊತೆ ಬರುವ ಸೂಚನೆ ಹಾಳೆ ತೆಗೆದು ನೋಡಿ. ಮೊದಲ ಹಂತದಲ್ಲೇ ಗಾಲಿ, ಸಸ್ಪೆನ್ಷನ್ ಇರುತ್ತವೆ. ಟ್ರ್ಯಾಕ್ ಬರುವುದು ಎಷ್ಟೋ ಪುಟ ಆದ ಮೇಲೆ. ನಮಗೆ ಟರೆಟ್ಟು, ಅಂದರೆ ಮೇಲೆ ತಿರುಗುವ ಗೋಪುರ, ಮತ್ತು ತೋಪು ಕಟ್ಟುವ ಆತುರ. ಗಾಲಿಗಳನ್ನು ಬೇಗ ಬೇಗ ಅಂಟಿಸಿ ಮುಂದೆ ಹೋಗುತ್ತೇವೆ. ಎಡವಟ್ಟಾಗುವುದು ಅಲ್ಲೇ. ಒಂದು ಗಾಲಿ ಅರ್ಧ ಮಿಲಿಮೀಟರ್ ಮೇಲೆ ಕೂತರೆ, ಇನ್ನೊಂದು ಸ್ವಲ್ಪ ಓರೆಯಾದರೆ ಅವತ್ತು ಕಣ್ಣಿಗೆ ಕಾಣುವುದಿಲ್ಲ. ಟ್ರ್ಯಾಕ್ ಸುತ್ತುವ ದಿನ ಎಲ್ಲ ಬಾಕಿಯೂ ಒಟ್ಟಿಗೆ ವಸೂಲಿಗೆ ಬರುತ್ತದೆ. ಒಂದು ಲಿಂಕ್ ಕಡಿಮೆ ಬೀಳುತ್ತದೆ, ಇಲ್ಲವೇ ಅರ್ಧ ಲಿಂಕ್ ಜಾಸ್ತಿಯಾಗುತ್ತದೆ. ಅರ್ಧ ಲಿಂಕ್ ಅಂತ ಒಂದು ಇರುವುದೇ ಇಲ್ಲವಲ್ಲ!

ಹಾಗಾಗಿ ನಾನು ಹೇಳುವುದಿಷ್ಟೇ. ಟ್ರ್ಯಾಕ್ ಅಂಟಿಸುವುದು ಕೊನೆಗೇ ಇರಲಿ, ಅದರ ಯೋಚನೆ ಮಾತ್ರ ಮೊದಲ ಗಾಲಿಗೂ ಮೊದಲೇ ಆಗಬೇಕು. ಅದಕ್ಕೆ ನಿಜವಾದ ಟ್ಯಾಂಕಿನಲ್ಲಿ ಆ ಪಟ್ಟಿ ಏನು ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು.

ಟ್ಯಾಂಕುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, ಸೈನ್ಯದ ಟ್ಯಾಂಕ್ ಮ್ಯೂಸಿಯಂ ಇದೆ. ಆದರೆ ಟ್ರ್ಯಾಕ್ ಹೇಗೆ ಜೋಲುತ್ತದೆ ಅಂತ ನೋಡಲು ಅಷ್ಟು ದೂರ ಯಾಕೆ? ಇಲ್ಲಿಂದ ಚಿತ್ರದುರ್ಗದ ಕಡೆ ಹೈವೇ ಹಿಡಿದು ಹೋಗಿ. ಎಲ್ಲಾದರೂ ಕೆಲಸ ನಡೆಯುವ ಕಡೆ ಒಂದು ಇಟಾಚಿ ನಿಂತೇ ಇರುತ್ತದೆ. ಹತ್ತಿರ ಹೋಗಿ, ಡ್ರೈವರ್ ಅಣ್ಣನನ್ನು ಕೇಳಿ, ಚೈನಿನ ಪಕ್ಕ ಕೂತು ನೋಡಿ. ಹಿಂದಿನ ತುದಿಯಲ್ಲಿ ಹಲ್ಲಿನ ಚಕ್ರ. ಎಂಜಿನ್ ಶಕ್ತಿ ಬರುವುದು ಅದಕ್ಕೆ. ಮುಂದಿನ ತುದಿಯಲ್ಲಿ ಹಲ್ಲಿಲ್ಲದ ಚಕ್ರ, ಅದು ಐಡ್ಲರ್. ಕೆಳಗೆ ಭಾರ ಹೊರುವ ಗಾಲಿಗಳ ಸಾಲು. ಮೇಲೆ ಒಂದೆರಡು ಸಣ್ಣ ರೋಲರ್. ಆ ರೋಲರ್ ಮೇಲೆ ಪಟ್ಟಿ ಎದ್ದಿರುತ್ತದೆ, ಆಚೆ ಈಚೆ ಜೋತು ಬಿದ್ದಿರುತ್ತದೆ. ಜಾಸ್ತಿ ಸಡಿಲವಾದರೆ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬುತ್ತಾರೆ. ಆ ಒತ್ತಡಕ್ಕೆ ಐಡ್ಲರ್ ಮುಂದೆ ಸರಿದು ಪಟ್ಟಿ ಬಿಗಿಯಾಗುತ್ತದೆ.

ಟ್ಯಾಂಕಿನಲ್ಲೂ ಸಡಿಲ ತೆಗೆಯುವುದು ಐಡ್ಲರ್ ಸರಿಸಿಯೇ. ಮಾಡೆಲ್ ಕಟ್ಟುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ. ಸೂಚನೆ ಹಾಳೆ ಏನೇ ಹೇಳಲಿ, ಐಡ್ಲರ್ ತೋಳನ್ನು ಮೊದಲೇ ಅಂಟಿಸಬೇಡಿ. ಬ್ಲೂ ಟ್ಯಾಕ್ ತರಹದ ಮೆತ್ತನೆ ಅಂಟಿನಲ್ಲಿ ಸುಮ್ನೆ ನಿಲ್ಲಿಸಿಡಿ. ತೋಳಿನ ತೂತಿನಲ್ಲಿ ತಿರುಗದಂತೆ ಹಿಡಿಯುವ ಸಣ್ಣ ಗೂಟ ಇದ್ದರೆ ಅದನ್ನು ಸ್ವಲ್ಪ ಕೆತ್ತಿ ತೋಳು ತಿರುಗುವಂತೆ ಮಾಡಿಕೊಳ್ಳಿ. ಟ್ರ್ಯಾಕ್ ಸುತ್ತಿದ ಮೇಲೆ ಐಡ್ಲರನ್ನು ಹಿಂದೆ ಮುಂದೆ ಆಡಿಸಿ, ಸರಿಯಾದಾಗ ಅಂಟು ಬಿಡಿ. ಅರ್ಧ ಲಿಂಕಿನ ಕಾಟದ ಬಹುಪಾಲು ಇಲ್ಲೇ ತೀರುತ್ತದೆ.

ಈಗ ಈ ಟಿ-34 ನೋಡಿ. ಒಂದು ಕಡೆಗೆ 5 ದೊಡ್ಡ ಗಾಲಿ. ಮೇಲೆ ರೋಲರ್ ಇಲ್ಲವೇ ಇಲ್ಲ. ಪಟ್ಟಿ ಗಾಲಿಗಳ ತಲೆಯ ಮೇಲೇ ಮಲಗುತ್ತದೆ, ನಡುವಿನ ಸಂದಿಯಲ್ಲಿ ಕುಸಿಯುತ್ತದೆ. ಒಂದು ಕಡೆಗೆ ಸಾಮಾನ್ಯವಾಗಿ 72 ಲಿಂಕ್. ಒಂದು ಬಿಟ್ಟು ಒಂದಕ್ಕೆ ಒಳಮುಖದಲ್ಲಿ ಕೊಂಬಿನಂಥ ಎತ್ತರದ ಹಲ್ಲು ಇರುತ್ತದೆ, ಉಳಿದವು ಚಪ್ಪಟೆ. ಜೋಡಿಸುವಾಗ ಎರಡು ಚಪ್ಪಟೆ ಲಿಂಕ್ ಅಕ್ಕಪಕ್ಕ ಬಂದರೆ ಅಲ್ಲಿಂದ ಮುಂದೆ ಎಲ್ಲ ತಪ್ಪು. ಯಾಕೆಂದರೆ ಸೈಕಲ್ ಚೈನಿನ ತರಹ ಇಲ್ಲಿ ಚಕ್ರದ ಹಲ್ಲು ಪಟ್ಟಿಯ ತೂತಿಗೆ ಹೋಗುವುದಿಲ್ಲ. ಹಿಂದಿನ ಚಕ್ರದೊಳಗೆ 6 ರೋಲರ್‌ಗಳಿವೆ, ಅವು ಪಟ್ಟಿಯ ಕೊಂಬುಗಳನ್ನು ಹಿಡಿದು ಎಳೆಯುತ್ತವೆ. ಆದ್ದರಿಂದ ಆ ಚಕ್ರದ ಎರಡು ಹೋಳುಗಳನ್ನು ಅಂಟಿಸುವ ಮುಂಚೆಯೇ ಕೊಂಬಿನ ಎರಡು ಮೂರು ಲಿಂಕ್ ಇಟ್ಟು ನೋಡಬೇಕು. ರೋಲರ್ ಎಲ್ಲಿ, ಕೊಂಬು ಎಲ್ಲಿ ಅಂತ ಹೊಂದಿಸಿಕೊಂಡೇ ಮುಂದೆ ಹೋಗಬೇಕು.

ಇದೇ ಟ್ಯಾಂಕಿನಲ್ಲಿ ಇನ್ನೊಂದು ಮಜಾ ಇದೆ. ಲಿಂಕುಗಳನ್ನು ಹಿಡಿದಿಡುವ ಪಿನ್ನುಗಳಿಗೆ ಒಳಗಡೆ ತಲೆ ಇರುತ್ತದೆ, ಜಾರದಂತೆ ತಡೆಯುವ ಲಾಕ್ ಇಲ್ಲ. ಓಡುತ್ತಾ ಓಡುತ್ತಾ ಪಿನ್ನು ಬಾಡಿಯ ಕಡೆಗೆ ಹೊರಬರುತ್ತದೆ. ಟ್ಯಾಂಕಿನ ಬಾಡಿಯ ಮೇಲೆ ಬೆಸೆದ ಒಂದು ಓರೆ ತಗಡು ಅದನ್ನು ಪ್ರತಿ ಸುತ್ತಿಗೂ ತಟ್ಟಿ ವಾಪಸ್ ಒಳಗೆ ಕಳಿಸುತ್ತದೆ. ಕಿಟ್‌ನಲ್ಲಿ ಅದು ಒಂದು ಸಣ್ಣ ಚೂರು. ಟ್ರ್ಯಾಕ್ ಸುತ್ತಿದ ಮೇಲೆ ಅದನ್ನು ಅಂಟಿಸಲು ಬೆರಳೇ ಹೋಗುವುದಿಲ್ಲ. ಅದರ ಕೆಲಸ ಗೊತ್ತಿದ್ದವರು ಮೊದಲೇ ಹಾಕಿಬಿಡುತ್ತಾರೆ.

ಟಿ-55ರಲ್ಲೂ 5 ಗಾಲಿ, ರೋಲರ್ ಇಲ್ಲ. ಆದರೆ ಮೊದಲನೆಯ ಮತ್ತು ಎರಡನೆಯ ಗಾಲಿಯ ನಡುವೆ ಅಂತರ ಜಾಸ್ತಿ. ಪಟ್ಟಿ ಅಲ್ಲಿ ಹೆಚ್ಚು ಕುಸಿಯಬೇಕು. ಎಲ್ಲ ಕಡೆ ಒಂದೇ ಸಮ ಜೋಲಿಸಿದರೆ ಗೊತ್ತಿದ್ದವರು ತಕ್ಷಣ ಹಿಡಿಯುತ್ತಾರೆ.

ಎಲ್ಲ ಟ್ಯಾಂಕಿಗೂ ಜೋಲು ಬೇಕು ಅಂತ ಮಾತ್ರ ತಿಳಿಯಬೇಡಿ. ಎರಡನೇ ಮಹಾಯುದ್ಧದ ಅಮೆರಿಕದ ಶೆರ್ಮನ್ ಟ್ಯಾಂಕಿನ ಲಿಂಕುಗಳಲ್ಲಿ ಪಿನ್ನಿನ ಸುತ್ತ ರಬ್ಬರ್ ಬುಷ್ ಇರುತ್ತದೆ. ಆ ರಬ್ಬರು ಪಟ್ಟಿಯನ್ನು ಸೆಟೆದು ಹಿಡಿಯುತ್ತದೆ. ಮೇಲಿನ ರೋಲರ್‌ಗಳ ನಡುವೆ ಅದು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ರಷ್ಯಾದ ಮತ್ತು ಜರ್ಮನಿಯ ಆ ಕಾಲದ ಟ್ಯಾಂಕುಗಳಲ್ಲಿ ಬರೀ ಕಬ್ಬಿಣದ ಒಣ ಪಿನ್ನು. ಅವುಗಳ ಪಟ್ಟಿ ಭಾರಕ್ಕೆ ಜೋಲುತ್ತದೆ. ಶೆರ್ಮನ್‌ಗೆ ಜೋಲು ಕೊಡುವುದು, ಟಿ-34ಕ್ಕೆ ಬಿಗಿಯಾಗಿ ಎಳೆಯುವುದು, ಎರಡೂ ನಾನು ನೋಡಿದ ಮಾಡೆಲ್‌ಗಳಲ್ಲಿ ಸಾಮಾನ್ಯ.

ಇನ್ನು ಸೆಂಚುರಿಯನ್. ನಮ್ಮವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ, ಕಾರಣವೂ ಇದೆ. 1971ರ ಡಿಸೆಂಬರ್ 16ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೋರಾಡಿ ಮಡಿದದ್ದು ‘ಫಾಮಗುಸ್ತಾ’ ಅನ್ನುವ ಹೆಸರಿನ ಸೆಂಚುರಿಯನ್‌ನಲ್ಲಿ. ಆಗ ಅವರಿಗೆ 21 ವರ್ಷ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಆ ಟ್ಯಾಂಕನ್ನು ಕಟ್ಟಬೇಕು ಅನ್ನುವವರು ಇಲ್ಲೂ ಇದ್ದೀರಿ, ನನಗೆ ಗೊತ್ತು. ಇದರಲ್ಲಿ ಒಂದು ಕಡೆಗೆ 6 ಗಾಲಿ, ಎರಡೆರಡು ಜೋಡಿಯಾಗಿ ಒಂದೊಂದು ಬೋಗಿಯಲ್ಲಿ, ಅಂದರೆ ಎರಡು ಗಾಲಿ ಒಟ್ಟಿಗೆ ಹಿಡಿಯುವ ಜೋಡಣೆಯಲ್ಲಿ. ಪಕ್ಕಕ್ಕೆ ತಗಡು ಮುಚ್ಚುವುದಾದರೆ ಪಟ್ಟಿಯ ಮೇಲ್ಭಾಗ ಕಾಣುವುದೇ ಇಲ್ಲ. ಕಾಣದ ಕಡೆ ಜೋಲು ತರಲು ಒದ್ದಾಡಬೇಡಿ. ಒಂದೆರಡು ಲಿಂಕ್ ಕಡಿಮೆ ಬಿದ್ದರೂ ಅಲ್ಲಿ ಖಾಲಿ ಬಿಟ್ಟುಬಿಡಿ. ಇದನ್ನು ಮೋಸ ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ.

ಸರಿ, ಗಾಲಿಗೆ ಬರೋಣ. ಸಸ್ಪೆನ್ಷನ್ ತೋಳುಗಳನ್ನು ಅಂಟಿಸುವಾಗ ನಿಮಗೆ ಬೇಕಾಗಿರುವುದು ಪೂರ್ತಿ ಸಮತಟ್ಟಾದ ಒಂದು ಹಲಗೆ. ಮರದ ಹಲಗೆ ಬೇಡ, ಅದು ಬಾಗಿರುತ್ತದೆ. ಗ್ರಾನೈಟ್ ಅಂಗಡಿಯಲ್ಲಿ ಪಾಲಿಶ್ ಮಾಡಿದ ಸಣ್ಣ ತುಂಡು ಕೇಳಿ, ವೇಸ್ಟಿನಲ್ಲಿ ಬಿದ್ದಿರುತ್ತದೆ, ಎಷ್ಟೋ ಸಲ ದುಡ್ಡೂ ತಗೊಳ್ಳುವುದಿಲ್ಲ. ತೋಳುಗಳಿಗೆ ಅಂಟು ಹಾಕಿ, ಅದು ಇನ್ನೂ ಮೆತ್ತಗಿರುವಾಗಲೇ ಗಾಲಿಗಳನ್ನು ಅಂಟಿಲ್ಲದೆ ಸಿಕ್ಕಿಸಿ. ಟ್ಯಾಂಕನ್ನು ಗ್ರಾನೈಟ್ ಮೇಲೆ ನಿಲ್ಲಿಸಿ, ಬಾಡಿಯೊಳಗೆ ಒಂದು ತೂಕದ ಬಟ್ಟು ಇಡಿ. ಈಗ ಪೇಪರಿನ ಒಂದು ಪಟ್ಟಿ ಕತ್ತರಿಸಿ, ಒಂದೊಂದೇ ಗಾಲಿಯ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಹೋದರೆ ಆ ಗಾಲಿ ಎದ್ದಿದೆ, ತೋಳನ್ನು ಮೆಲ್ಲಗೆ ಕೆಳಗೆ ಒತ್ತಿ. ಆಮೇಲೆ ಮೇಲಿನಿಂದ ಒಂದು ಕಣ್ಣು ಮುಚ್ಚಿ ಸಾಲು ನೋಡಿ, ಯಾವುದೂ ಒಳಗೆ ಹೊರಗೆ ವಾಲಿರಬಾರದು. ಹಾಗೇ ರಾತ್ರಿಯೆಲ್ಲ ಬಿಡಿ. ಬೇಸರದ ಕೆಲಸ, ನಿಜ. ಆದರೆ ಇದೊಂದು ಸರಿಯಾದರೆ ಟ್ರ್ಯಾಕಿನ ಅರ್ಧ ಕೆಲಸ ಮುಗಿದ ಹಾಗೆ.

ಟ್ರ್ಯಾಕ್ ಕಿಟ್‌ನಲ್ಲಿ ಬೇರೆ ಬೇರೆ ರೀತಿ ಬರುತ್ತದೆ. ರಬ್ಬರ್ ಬ್ಯಾಂಡಿನಂತೆ ಒಂದೇ ಪಟ್ಟಿಯಾಗಿ ಬರುವ ವಿನೈಲ್. ಒಂದೊಂದೇ ಬಿಡಿ ಲಿಂಕ್, ಕೆಲವಕ್ಕೆ ಪಿನ್ನು ಹಾಕಿ ನಿಜಕ್ಕೂ ತಿರುಗುವಂತೆ ಮಾಡಬಹುದು. ಮೂರನೆಯದು, ನೇರ ಭಾಗಕ್ಕೆ ಉದ್ದ ತುಂಡು ಮತ್ತು ತಿರುವಿಗೆ ಮಾತ್ರ ಬಿಡಿ ಲಿಂಕ್ ಕೊಡುವ ಜಾತಿ. ಬೇರೆಯಾಗಿ ಕೊಳ್ಳುವ ಲೋಹದ ಟ್ರ್ಯಾಕೂ ಇದೆ. ಅದು ತನ್ನ ತೂಕಕ್ಕೆ ತಾನೇ ಚೆನ್ನಾಗಿ ಜೋಲುತ್ತದೆ, ಆದರೆ ಕಿಟ್‌ನಷ್ಟೇ ದುಡ್ಡು ಕೇಳುತ್ತದೆ. ನಾನಂತೂ ಬಿಡಿ ಲಿಂಕಿನ ಪಕ್ಷ.

ಬಿಡಿ ಲಿಂಕಿನಲ್ಲಿ ಜನ ಸೋಲುವುದು ಎಲ್ಲಿ ಗೊತ್ತಾ? ಕ್ಲೀನಿಂಗಿನಲ್ಲಿ. ಟಿ-34ರ ನಿಜವಾದ ಲಿಂಕಿನ ಉದ್ದ 172 ಮಿಲಿಮೀಟರ್, ನಮ್ಮ ಅಳತೆಗೆ ಅದು 4.9 ಮಿಲಿಮೀಟರ್. ಲಿಂಕನ್ನು ಸ್ಪ್ರೂನಿಂದ, ಅಂದರೆ ಆ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿದಾಗ ಕೂಡುವ ಅಂಚಿನಲ್ಲಿ ಒಂದು ಸಣ್ಣ ಗಂಟು ಉಳಿಯುತ್ತದೆ. ಕೇವಲ 0.1 ಮಿಲಿಮೀಟರ್ ಉಳಿದಿದೆ ಅಂದುಕೊಳ್ಳಿ. ಉಗುರಿಗೂ ಹತ್ತುವುದಿಲ್ಲ. ಆದರೆ 72 ಲಿಂಕಿಗೆ ಅದು 7 ಮಿಲಿಮೀಟರ್ ದಾಟಿತು. ಹತ್ತಿರ ಹತ್ತಿರ ಒಂದೂವರೆ ಲಿಂಕಿನ ಉದ್ದ! ‘ಕಂಪನಿಯವರು ಲೆಕ್ಕ ತಪ್ಪಿದ್ದಾರೆ’ ಅನ್ನುವ ಮುಂಚೆ ಈ ಗಂಟುಗಳನ್ನು ನೋಡಿ. ಮೊದಲು ನಿಪ್ಪರಿನಿಂದ ಸ್ವಲ್ಪ ದೂರದಲ್ಲೇ ಕತ್ತರಿಸಿ, ಆಮೇಲೆ ಬ್ಲೇಡಿನಿಂದ ಹತ್ತಿರ ಕೆರೆದು, ಕೊನೆಗೆ 400 ನಂಬರ್ ಉಜ್ಜುವ ಪೇಪರಿನಲ್ಲಿ ಒಂದು ಉಜ್ಜು. ಒಂದೇ ಸಲಕ್ಕೆ ಎಲ್ಲ ಮಾಡಲು ಕೂರಬೇಡಿ. ಟಿವಿಯಲ್ಲಿ ಮ್ಯಾಚ್ ಬರುವಾಗ ಮಾಡುವ ಕೆಲಸ ಇದು.

ಈಗ ಜೋಡಣೆ. ಒಂದು ಸ್ಟೀಲ್ ಸ್ಕೇಲು, ಅದರ ಪಕ್ಕಕ್ಕೆ ಅಂಟುವ ಮುಖ ಮೇಲೆ ಬರುವಂತೆ ಮಾಸ್ಕಿಂಗ್ ಟೇಪು. ಲಿಂಕುಗಳನ್ನು ಸ್ಕೇಲಿಗೆ ತಾಗಿಸಿ ಸಾಲಾಗಿ ಟೇಪಿನ ಮೇಲೆ ಕೂರಿಸುತ್ತಾ ಹೋಗಿ. ನೀರಿನಂತೆ ತೆಳ್ಳಗಿರುವ ಪ್ಲಾಸ್ಟಿಕ್ ಸಿಮೆಂಟನ್ನು ಬ್ರಶ್ಶಿನ ತುದಿಯಲ್ಲಿ ತೆಗೆದುಕೊಂಡು ಕೂಡುವ ಜಾಗಕ್ಕೆ ಮಾತ್ರ ಮುಟ್ಟಿಸಿ, ಅದು ತಾನೇ ಸಂದಿಗೆ ಹರಿಯುತ್ತದೆ. ಈ ಸಿಮೆಂಟು ಗೋಂದಿನ ಹಾಗೆ ಅಂಟುವುದಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡೂ ಕಡೆ ಬೆಸೆಯುತ್ತದೆ. ನಮಗೆ ಬೇಕಾದ ಹೊತ್ತು ಅದೇ, ಕರಗಿದ್ದು ಗಟ್ಟಿಯಾಗುವ ಮುಂಚಿನ ಹೊತ್ತು. ಸುಮಾರು ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಎತ್ತಿ ನೋಡಿ. ಲಿಂಕುಗಳು ಬಿಡುವುದಿಲ್ಲ, ಆದರೆ ಬಾಗುತ್ತವೆ. ಆಗ ಹಲ್ಲಿನ ಚಕ್ರದಿಂದ ಶುರು ಮಾಡಿ ಸುತ್ತಿ. ಹಲ್ಲು ಸರಿಯಾಗಿ ಕೂತಿದೆಯಾ ನೋಡಿಕೊಂಡು, ಮೇಲಿನಿಂದ ಐಡ್ಲರಿಗೆ ತಂದು, ಗಾಲಿಗಳ ಕೆಳಗಿನ ಸಾಲಿಗೆ ಸೇರಿಸಿ. ಜೋಲು ಬೇಕಾದ ಕಡೆ ಫೆಂಡರ್ (ಪಟ್ಟಿಯ ಮೇಲಿನ ಮಡ್‌ಗಾರ್ಡ್) ಮತ್ತು ಪಟ್ಟಿಯ ನಡುವೆ ಸ್ಪಂಜಿನ ಚೂರು ತುರುಕಿ, ಅದು ಪಟ್ಟಿಯನ್ನು ಗಾಲಿಯ ತಲೆಗೆ ಒತ್ತಿ ಹಿಡಿಯುತ್ತದೆ. ಹಾಗೇ ಬಿಡಿ. ಮಾರನೇ ದಿನ ಸ್ಪಂಜು ತೆಗೆದರೆ ಆಕಾರ ನಿಂತಿರುತ್ತದೆ.

ಹಲ್ಲಿನ ಚಕ್ರಕ್ಕೂ ಐಡ್ಲರಿನ ಗಾಲಿಗೂ ಅಚ್ಚಿನಲ್ಲಿ ಅಂಟು ಬೇಡ. ಒಂದು ಕಡೆ ಒಂದು ಲಿಂಕಿನ ಸೇರುವೆಯನ್ನೂ ಅಂಟಿಸದೆ ಬಿಡಿ. ಆಗ ಪಟ್ಟಿಯನ್ನು ಪೂರ್ತಿ ಹೊರಗೆ ಎಳೆದು ಬಣ್ಣ ಹೊಡೆದು ವಾಪಸ್ ಹಾಕಬಹುದು. ಬಣ್ಣದ ಬಗ್ಗೆ ಒಂದೇ ಮಾತು: ಟ್ರ್ಯಾಕಿಗೆ ಬೆಳ್ಳಿ ಬಣ್ಣ ಬಳಿಯಬೇಡಿ. ಕಪ್ಪು ಮಿಶ್ರಿತ ಕಂದು ಸಾಕು. ನೆಲಕ್ಕೆ ತಾಗುವ ಮುಖ, ಗಾಲಿ ಉಜ್ಜುವ ಜಾಗ ಮಾತ್ರ ಸವೆದು ಹೊಳೆಯಬೇಕು.

ನಮ್ಮ ಹವೆಯ ಬಗ್ಗೆ ಎರಡು ಮಾತು. ಏಪ್ರಿಲ್ ಬಿಸಿಲಲ್ಲಿ ಈ ತೆಳು ಸಿಮೆಂಟು ನೋಡುತ್ತಿದ್ದಂತೆ ಹಾರಿಹೋಗುತ್ತದೆ. ಅರ್ಧ ಗಂಟೆ ಅಂದಿದ್ದು ಕಾಲು ಗಂಟೆಯಾಗುತ್ತದೆ. ಬೆಳಿಗ್ಗೆ ಬೇಗ ಮಾಡುವುದು ಒಳ್ಳೆಯದು. ಫ್ಯಾನ್ ಕೆಳಗೆ ಮಾಡಿದರೆ ಇನ್ನೂ ಬೇಗ ಒಣಗುತ್ತದೆ, ಆದರೆ ಕಿಟಕಿ ಮಾತ್ರ ತೆರೆದಿರಲಿ, ಆ ಘಾಟು ಒಳ್ಳೆಯದಲ್ಲ. ಫೆವಿಕ್ವಿಕ್ ತರಹದ ಅಂಟಿನದು ಉಲ್ಟಾ ಕಥೆ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಮಳೆಗಾಲದಲ್ಲಿ ಚಟಕ್ಕನೆ ಹಿಡಿಯುತ್ತದೆ, ಒಣ ಬೇಸಿಗೆಯಲ್ಲಿ ತಡ ಮಾಡುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆಯವರು ಇದನ್ನು ಗಮನಿಸಿರುತ್ತೀರಿ.

ಇನ್ನು ಕಾಡುವ ಸಣ್ಣ ಭಾಗಗಳು. ಎಲ್ಲದರಲ್ಲೂ ಕಿರಿಕಿರಿಯದ್ದು ಹಿಡಿಕೆಗಳು, ಟರೆಟ್ಟಿನ ಮೇಲೆ ಸೈನಿಕರು ಹಿಡಿದು ಹತ್ತುವ ಕಂಬಿಗಳು. ಕತ್ತರಿಸುವಾಗ ಪಟ್ಟನೆ ಮುರಿಯುತ್ತವೆ. ಮುರಿಯದಿರಲು ಹಿಡಿಕೆಯನ್ನು ಮುಟ್ಟುವ ಮುಂಚೆ ಅದರ ಸುತ್ತಲಿನ ಸ್ಪ್ರೂ ಕತ್ತರಿಸಿ ಬಿಗಿ ಬಿಡಿಸಬೇಕು. ಅದಕ್ಕಿಂತ ಸುಲಭದ ದಾರಿ ನಮ್ಮ ಊರಲ್ಲೇ ಇದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಒಂದು ತುಂಡು 26 ನಂಬರ್ ತಾಮ್ರದ ತಂತಿ ಕೇಳಿ. 26 ಗೇಜಿನ ದಪ್ಪ 0.457 ಮಿಲಿಮೀಟರ್. ಅದನ್ನು 35ರಿಂದ ಗುಣಿಸಿ, 16 ಮಿಲಿಮೀಟರ್ ಬರುತ್ತದೆ. ಹಿಡಿಕೆಗೆ ಬಳಸುವ ಸರಳಿಗೆ ಹೊಂದುವ ದಪ್ಪ. ಇನ್ನೂ ತೆಳು ಬೇಕಾದರೆ 28 ನಂಬರ್. ಕಿಟ್‌ನ ಹಿಡಿಕೆಯನ್ನು ಅಳತೆಗೆ ಇಟ್ಟುಕೊಂಡು ತಂತಿ ಬಾಗಿಸಿ, ಸಣ್ಣ ಡ್ರಿಲ್ ಬಿಟ್ಟಿನಿಂದ ತೂತು ಮಾಡಿ ಸಿಕ್ಕಿಸಿ, ಒಳಗಿನಿಂದ ಫೆವಿಕ್ವಿಕ್. ಬಿದ್ದರೂ ಬಾಗುತ್ತದೆ, ಮುರಿಯುವುದಿಲ್ಲ.

ತೋಪಿನ ನಳಿಗೆ ಎರಡು ಹೋಳಾಗಿ ಬಂದರೆ ಎರಡೂ ಅಂಚಿಗೆ ಸಿಮೆಂಟು ಧಾರಾಳವಾಗಿ ಹಚ್ಚಿ, ತುಸು ತಡೆದು ಒತ್ತಿ. ಕರಗಿದ ಪ್ಲಾಸ್ಟಿಕ್ ಸಾಲಾಗಿ ಹೊರಗೆ ಉಬ್ಬಬೇಕು. ಪೂರ್ತಿ ಒಣಗಿದ ಮೇಲೆ ಅದನ್ನು ಕೆರೆದರೆ ಸಂದಿಯೇ ಕಾಣುವುದಿಲ್ಲ. ಒಂದೇ ಕಡೆ ಉಜ್ಜುತ್ತಾ ಕೂತರೆ ನಳಿಗೆ ಚಪ್ಪಟೆಯಾಗುತ್ತದೆ, ತಿರುಗಿಸುತ್ತಾ ಉಜ್ಜಿ. ಟಿ-55ರ ತೋಪು 100 ಮಿಲಿಮೀಟರಿನದು, ಅಂದರೆ ನಮ್ಮ ನಳಿಗೆಯ ಬಾಯಿ 3 ಮಿಲಿಮೀಟರಿಗೂ ಸ್ವಲ್ಪ ಕಡಿಮೆ.

ಕೆಲವು ಕಿಟ್‌ಗಳಲ್ಲಿ ಬರುವ ಹಿತ್ತಾಳೆಯ ತೆಳು ತಗಡಿನ ಭಾಗಗಳು ಬಾಗದೆ ಪುಟಿಯುತ್ತಿದ್ದರೆ ಮೊದಲು ಉರಿಯಲ್ಲಿ ಕೆಂಪೇರುವಂತೆ ಕಾಯಿಸಿ ಆರಿಸಿ, ಮೆತ್ತಗಾಗುತ್ತದೆ. ಅಕ್ಕಸಾಲಿಗರ ಮನೆಯ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅವರ ಚಿಮಟ, ಸಣ್ಣ ಅರಗಳಿಗಿಂತ ಒಳ್ಳೆಯ ಹತಾರ ಮಾಡೆಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಇನ್ನೊಂದು, ಈ ಊರಲ್ಲಿ ಎರಡು ಡೆಂಟಲ್ ಕಾಲೇಜು ಇವೆ. ಹಲ್ಲಿನ ವಿದ್ಯಾರ್ಥಿಗಳು ಮೇಣ ಕೆತ್ತಲು ಬಳಸುವ ಕಾರ್ವರ್ ಪುಟ್ಟಿ ತುಂಬಲು ಹೇಳಿ ಮಾಡಿಸಿದ್ದು. ಯಾರಾದರೂ ಪರಿಚಯದವರಿದ್ದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಬರೆಯಲೇಬೇಕು.

ಹೈಸ್ಕೂಲ್ ಹುಡುಗನೊಬ್ಬ ಕೇಳಿದ: ‘ಸರ್, ಹಾಳೇಲಿ ಬರೆದಿದ್ದಕ್ಕಿಂತ ಒಂದು ಲಿಂಕ್ ಕಡಿಮೆ ಹಾಕಿದ್ರೆ ತಪ್ಪಾಗುತ್ತಾ?’ ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಸೈನ್ಯದಲ್ಲಿದ್ದು ಬಂದವರು, ಉತ್ತರ ಕೊಟ್ಟರು. ‘ತಪ್ಪೇನಿಲ್ಲಪ್ಪಾ. ಓಡಿ ಓಡಿ ಪಿನ್ನು ಸವೀತದೆ, ತೂತು ಅಗಲ ಆಗ್ತದೆ, ಚೈನು ಉದ್ದ ಆಗ್ತದೆ. ಐಡ್ಲರ್ ಎಳೆದು ಎಳೆದು ಇನ್ನಾಗಲ್ಲ ಅಂದಾಗ ನಾವೂ ಒಂದು ಲಿಂಕ್ ತೆಗೀತಿದ್ವಿ.’ ಅಲ್ಲಿಗೆ ನನಗೆ ಹೇಳಲು ಏನೂ ಉಳಿಯಲಿಲ್ಲ. ಹೊಸ ಟ್ಯಾಂಕಿಗೂ ಸವೆದ ಟ್ಯಾಂಕಿಗೂ ಲಿಂಕಿನ ಲೆಕ್ಕ ಒಂದೇ ಇರಬೇಕಿಲ್ಲ. ನಿಮ್ಮದು ಸವೆದ ಟ್ಯಾಂಕ್ ಅಂದುಕೊಳ್ಳಿ, ಕೆಸರು ಬಣ್ಣ ಸ್ವಲ್ಪ ಜಾಸ್ತಿ ಹೊಡೆಯಿರಿ.

ಇನ್ನೊಬ್ಬರು, ಒಬ್ಬ ತಾಯಿ. ಮಗನಿಗೆ ತಂದ ಕಿಟ್ಟನ್ನು ಪರೀಕ್ಷೆ ಮುಗಿಯಲಿ ಅಂತ ಅಟ್ಟದ ಮೇಲಿಟ್ಟಿದ್ದರಂತೆ. ತೆಗೆದು ನೋಡಿದರೆ ಎರಡು ಗಾಲಿಗಳು ಕರಗಿದಂತೆ ಆಗಿದ್ದವು. ‘ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರಾ ಸರ್?’ ಅಂತ ಕೇಳಿದರು. ಹಾಗಲ್ಲ. ವಿನೈಲ್ ಪಟ್ಟಿ ಮೆತ್ತಗಿರಲಿ ಅಂತ ಅದರಲ್ಲಿ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಅದು ನಿಧಾನಕ್ಕೆ ಹೊರಗೆ ಬಂದು, ತಾಗಿರುವ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಳೆಯ ಕಿಟ್‌ಗಳಲ್ಲಿ ಇದು ಜಾಸ್ತಿ, ಅಟ್ಟದ ಸೆಕೆಯಲ್ಲಿ ಇನ್ನೂ ಬೇಗ. ಕರಗಿದ ಗಾಲಿಗಳನ್ನು ಒಳಸಾಲಿಗೆ ಹಾಕಿದರೆ ಕಾಣುವುದಿಲ್ಲ. ಕಟ್ಟಿದ ಮೇಲೂ ಇದೇ ತೊಂದರೆ ಬರಬಹುದು, ಆದ್ದರಿಂದ ಗಾಲಿಗೆ ಬಣ್ಣದ ಒಂದು ಪದರ ಒಣಗಿದ ಮೇಲೆಯೇ ವಿನೈಲ್ ಸುತ್ತಿ. ಸದ್ಯಕ್ಕೆ ಮನೆಗೆ ಹೋಗಿ, ಬಾಕ್ಸ್ ತೆರೆದು, ವಿನೈಲ್ ಪಟ್ಟಿಯನ್ನು ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದಿಂದ ಕೆಳಗೆ ಇಡಿ.